ಮಗಳ ಪರವಾಗಿ ಬರೆದ ಉತ್ತರಗಳು

ಶ್ರೀಕಂಠನ ಕಾಲು ಮುರಿದ ಸಂಗತಿ ನಮಗೆ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ. ಜನವರಿಯ ಬೆಳಿಗ್ಗೆ ಹಿಮಗಟ್ಟಿದ ಫುಟ್‌ಪಾತಿನಲ್ಲಿ ಜಾರಿ ಬಿದ್ದವನು ಯಾರಿಗೂ ಹೇಳದೆ, ಕುಂಟುತ್ತಲೇ ಹೋಗಿ ಬಸ್ಸು ಹತ್ತಿ, ಪಕ್ಕದೂರು ಡ್ರಾಹೆಡಾದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಮತ್ತೆ ಬಸ್ಸಿನಲ್ಲೇ ನಾವಿರುವ ಡನ್‌ಡಾಕ್‌ಗೆ ವಾಪಸು ಬಂದಿದ್ದ.

"ಒಂದು ಫೋನ್ ಮಾಡೋಕೆ ಏನಾಗಿತ್ತೋ ನಿಂಗೆ?" ಎಂದು ನಾನು ರೇಗಿದೆ.

"ನೀವೆಲ್ಲಾ ಕೆಲಸದಲ್ಲಿರ್ತೀರ. ಸುಮ್ನೆ ಯಾಕೆ ತೊಂದ್ರೆ," ಅಂದ.

ಅವನು ಇದ್ದದ್ದೇ ಹಾಗೆ. ನಂಜನಗೂಡಿನವನು. ಇಲ್ಲಿನ ತಾಂತ್ರಿಕ ವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಾನು ಅದೇ ವಿದ್ಯಾಲಯದ ಲೈಬ್ರರಿಯಲ್ಲಿದ್ದೇನೆ. ಹದಿನೈದು ವರ್ಷದಿಂದ ಮಧ್ಯಾಹ್ನದ ಊಟದ ಡಬ್ಬಿಯನ್ನು ಇಬ್ಬರೂ ಒಂದೇ ಮೇಜಿನ ಮೇಲೆ ಬಿಚ್ಚುತ್ತಿದ್ದೇವೆ. ನಮ್ಮ ಯಾರ ಮನೆಯಲ್ಲಿ ಬಾಯ್ಲರ್ ಕೆಟ್ಟರೂ, ಕಪಾಟು ಜೋಡಿಸಬೇಕಾದರೂ ಡ್ರಿಲ್ ಹಿಡಿದು ಮೊದಲು ಬರುವವನು ಅವನೇ. ಆದರೆ ಅವನು ಯಾರನ್ನೂ ಒಂದು ಏಣಿ ಕೇಳಿದ್ದು ನನಗೆ ನೆನಪಿಲ್ಲ. ಈ ಗುಣವನ್ನು ನಾವೆಲ್ಲ ಮೆಚ್ಚಿಕೊಂಡೇ ಮಾತಾಡುತ್ತಿದ್ದೆವು.

ಮಗಳು ಹುಟ್ಟಿದಾಗ ಅವನು ಅವಳಿಗೆ ತನ್ನ ತಾಯಿಯ ಹೆಸರಿಟ್ಟ, ಕಾತ್ಯಾಯಿನಿ ಅಂತ. ನಾಲ್ಕು ತಿಂಗಳಾದರೂ ಕೂಸು ದೀಪದ ಕಡೆ ತಿರುಗಲಿಲ್ಲ, ತಾಯಿಯ ಮುಖ ನೋಡಿ ನಗಲಿಲ್ಲ. ತಾಯಿ ಮಾತಾಡಿದರೆ ಮಾತ್ರ ನಗುತ್ತಿತ್ತು. ಡಬ್ಲಿನ್ನಿನ ವೈದ್ಯರು ಪರೀಕ್ಷೆಗಳನ್ನೆಲ್ಲ ಮುಗಿಸಿ, ಕಣ್ಣಿನೊಳಗಿನ ಪರದೆ ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ, ಮಾಡುವುದೂ ಇಲ್ಲ ಎಂದರು. ಕಿಟಕಿ ಯಾವ ಕಡೆಗಿದೆ, ಅದರ ಮುಂದೆ ಯಾರಾದರೂ ದಾಟಿದರೇ ಎನ್ನುವಷ್ಟು ಅವಳಿಗೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಿಲ್ಲ.

ಅವನ ಹೆಂಡತಿ ಚಿತ್ರಾ ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಆರು ತಿಂಗಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಮಗಳಿಗಿಂತ ಮೊದಲು ತಾನೇ ಬ್ರೈಲ್ ಕಲಿತಳು. ಶ್ರೀಕಂಠ ಅಳಲಿಲ್ಲ. ಲ್ಯಾಬಿನ ಬಿಡುವಿನಲ್ಲಿ ಮಗಳಿಗೆ ಆಟದ ಸಾಮಾನು ಮಾಡಲು ಕೂತ. ಮರದ ಹಲಗೆಯಲ್ಲಿ ಗೆರೆಗಳನ್ನು ಕೊರೆದು ಚೌಕಾಬಾರದ ಮನೆ ಮಾಡಿದ. ನಾಲ್ಕು ಜನರ ಕಾಯಿಗಳಿಗೆ ನಾಲ್ಕು ಆಕಾರ ಕೊಟ್ಟ. ಕವಡೆ ಮಗುಚಿ ಬಿತ್ತೋ ಅಂಗಾತ ಬಿತ್ತೋ ಬೆರಳಿಟ್ಟರೆ ತಿಳಿಯುತ್ತದಲ್ಲ. ಐದು ವರ್ಷಕ್ಕೇ ಆ ಹುಡುಗಿ ಚೌಕಾಬಾರದಲ್ಲಿ ನನ್ನನ್ನು ಸೋಲಿಸುತ್ತಿದ್ದಳು, ಸೋಲಿಸಿ ಕೂಗಾಡುತ್ತಿದ್ದಳು. ಮಗಳ ಬಗ್ಗೆ ಅವನು ಅಸಡ್ಡೆ ಮಾಡಿದ ಎಂದು ಯಾರಾದರೂ ಅಂದುಕೊಂಡರೆ ತಪ್ಪಾಗುತ್ತದೆ, ಅದಕ್ಕೇ ಇದನ್ನೆಲ್ಲ ಹೇಳಿದೆ.

ಶಾಲೆಗೆ ಸೇರಿದ ಮೊದಲ ವಾರದಲ್ಲೇ ಕಾತ್ಯಾಯಿನಿ ಎಲ್ಲರ ಬಾಯಲ್ಲಿ ಕೇಟಿ ಆದಳು. ಸಾಮಾನ್ಯ ಶಾಲೆಯೇ. ಪಕ್ಕದಲ್ಲಿ ಸಹಾಯಕ್ಕೆ ಒಬ್ಬಾಕೆ ಇರುತ್ತಿದ್ದರು. ಜೊತೆಗೆ, ದೃಷ್ಟಿ ಇಲ್ಲದ ಮಕ್ಕಳಿಗಾಗಿಯೇ ಇರುವ ಟೀಚರ್ ಒಬ್ಬರು ತಿಂಗಳಿಗೊಮ್ಮೆ ಮನೆಗೂ ಬಂದು ಹೋಗುತ್ತಿದ್ದರು. ಆ ಟೀಚರ್ ಒಂದು ದಿನ ಶ್ರೀಕಂಠನನ್ನು ಕೂರಿಸಿಕೊಂಡು, ಇನ್ನು ಮೇಲೆ ಬರ್ತ್‌ಡೇ ಪಾರ್ಟಿಗಳು ಶುರುವಾಗುತ್ತವೆ ಎಂದರು. ಕರೆ ಬಂದ ಕೂಡಲೇ ಆ ಮಗುವಿನ ತಾಯಿಗೆ ಫೋನ್ ಮಾಡಿ. ಅರ್ಧ ಗಂಟೆ ಮುಂಚೆ ಕರೆದುಕೊಂಡು ಬರುತ್ತೇನೆ ಅನ್ನಿ. ಗದ್ದಲ ಶುರುವಾಗುವ ಮೊದಲು ಕೇಟಿ ಆ ಜಾಗವನ್ನೆಲ್ಲ ಒಮ್ಮೆ ಕೈಯಾಡಿಸಿ ನೋಡಿಕೊಳ್ಳಲಿ. ಮಾತಾಡುವ ಮೊದಲು ಮಕ್ಕಳು ತಮ್ಮ ಹೆಸರು ಹೇಳಲಿ. ಯಾವ ಯಾವ ಆಟ ಅಂತ ಮೊದಲೇ ಕೇಳಿಕೊಂಡು ಅವಳಿಗೆ ಹೇಳಿಕೊಡಿ.

"ಇಷ್ಟೇ. ಒಂದೇ ಒಂದು ಫೋನ್ ಕಾಲ್," ಎಂದರಂತೆ.

ಶ್ರೀಕಂಠ ತಲೆಯಾಡಿಸಿದ. ಆದರೆ ಆ ಫೋನ್ ಅವನು ಯಾವತ್ತೂ ಮಾಡಲಿಲ್ಲ. "ಅವ್ರು ಪ್ರೀತಿಯಿಂದ ಕರೆದಿದಾರೆ. ನಿಮ್ಮ ಮನೆ ಪಾರ್ಟಿ ಹೀಗ್ ಮಾಡಿ, ಹಾಗ್ ಮಾಡಿ ಅಂತ ನಾನು ಹೇಳೋಕಾಗತ್ತಾ?" ಎಂದು ಒಮ್ಮೆ ಊಟದ ಮೇಜಿನಲ್ಲಿ ನನ್ನನ್ನೇ ಕೇಳಿದ್ದ. ನಾನು, "ಅದೂ ನಿಜ," ಅಂದಿದ್ದೆ.

ಮೊದಲ ಕರೆ ಬಂದದ್ದು ಗ್ರಾನ್ಯಾ ಎಂಬ ಹುಡುಗಿಯಿಂದ. ಕೇಟಿಯ ಪಕ್ಕದಲ್ಲಿ ಕೂರುತ್ತಿದ್ದವಳು. ಅವಳಿಗೆ ಆರು ತುಂಬಿದ ದಿನ, 2018ರ ಮೇ ತಿಂಗಳ ಒಂದು ಶನಿವಾರ. ಪೇಟೆಯಿಂದ ಸ್ವಲ್ಪ ದೂರ, ಬ್ಲ್ಯಾಕ್‌ರಾಕ್‌ನ ಕಡಲ ತೀರದ ಹತ್ತಿರ ಅವರ ಮನೆ. ಚಿತ್ರಾಗೆ ಶನಿವಾರವೆಲ್ಲ ಅಂಗಡಿ. ಹಾಗಾಗಿ ಶ್ರೀಕಂಠನೇ ಕರೆದುಕೊಂಡು ಹೋದ. ಗ್ರಾನ್ಯಾಳ ತಾಯಿ ಓರ್ಲಾ ಕೇಟಿಯ ಕೈ ಹಿಡಿದು ಹಿತ್ತಲಿಗೆ ಬಿಟ್ಟು ಬಂದು, ಇವನನ್ನು ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ಹಿತ್ತಲಿನಲ್ಲಿ ಹದಿನಾರು ಮಕ್ಕಳು. ಮೂಲೆಯಲ್ಲಿ ಮಕ್ಕಳು ಜಿಗಿದಾಡುವ, ಗಾಳಿ ತುಂಬಿದ ಬೌನ್ಸಿ ಕ್ಯಾಸಲ್.

ಶ್ರೀಕಂಠ ಕಿಟಕಿಯಿಂದ ನೋಡುತ್ತಲೇ ಇದ್ದ. ಮಕ್ಕಳೆಲ್ಲ ಓಡಾಡುತ್ತಿದ್ದವು. ಅವನ ಮಗಳು ಮಾತ್ರ ಬಟ್ಟೆ ಒಣಹಾಕುವ ಕಂಬವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಒಂದೇ ಕಡೆ ನಿಂತಿದ್ದಳು. ಆಗಾಗ ಯಾವುದೋ ಮಗು ರಭಸದಿಂದ ಬಂದು ಅವಳಿಗೆ ಡಿಕ್ಕಿ ಹೊಡೆಯುತ್ತಿತ್ತು, ಬೆನ್ನಿಗೋ ತೋಳಿಗೋ ಫಟ್ ಎಂದು ಬಡಿಯುತ್ತಿತ್ತು, ಮತ್ತೆ ಓಡಿಹೋಗುತ್ತಿತ್ತು. ಒಬ್ಬ ಹುಡುಗ ಅವಳ ಮೇಲೇ ಬಿದ್ದ. ಅವಳು ಎದ್ದು, ತಡಕಾಡಿ, ಮತ್ತೆ ಕಂಬ ಹಿಡಿದು ನಿಂತಳು. ಏನೋ ಕೂಗುತ್ತಿದ್ದಳು. ಕಿಟಕಿ ಮುಚ್ಚಿತ್ತು, ಕೇಳಿಸಲಿಲ್ಲ.

"ಶೀ ಈಸ್ ಗ್ರ್ಯಾಂಡ್," ಎಂದಳು ಓರ್ಲಾ. ಏನೂ ಆಗಿಲ್ಲ, ಚೆನ್ನಾಗಿದ್ದಾಳೆ ಎನ್ನುವುದಕ್ಕೆ ಇಲ್ಲಿಯವರು ಹಾಗನ್ನುತ್ತಾರೆ.

ಮುಕ್ಕಾಲು ಗಂಟೆ ಅವನು ಹಲ್ಲು ಕಚ್ಚಿ ಕೂತ. ಇನ್ನೊಂದು ಮಗು ಅವಳ ಬೆನ್ನಿಗೆ ಬಡಿದಾಗ ಎದ್ದೇಬಿಟ್ಟ. ಹಿತ್ತಲಿಗೆ ಹೋಗಿ ಮಗಳನ್ನು ಎತ್ತಿಕೊಂಡ. ಅವಳು ಕಿರುಚಿದಳು, ಕಂಬ ಬಿಡಲೊಲ್ಲಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಓರ್ಲಾಗೆ ಏನೋ ನೆಪ ಹೇಳಿ ಅವಳನ್ನು ಕಾರಿನಲ್ಲಿ ಕೂರಿಸಿದ. ದಾರಿಯುದ್ದಕ್ಕೂ ಬಿಕ್ಕುತ್ತಲೇ ಇದ್ದಳು. "ಐ ವಾಸ್ ಡೆನ್, ಐ ವಾಸ್ ಡೆನ್," ಎಂದು ಮತ್ತೆ ಮತ್ತೆ ಹೇಳಿದಳಂತೆ. ಅದೇನೆಂದು ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ತೋಳಿನ ಮೇಲೆ ಕೆಂಪಗಿದ್ದ ಬೆರಳ ಗುರುತುಗಳನ್ನು ಮಾತ್ರ ನೋಡಿದ.

ಅವತ್ತೇ ತೀರ್ಮಾನ ಮಾಡಿದ, ಇನ್ನು ಇವಳನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು.

ಕ್ಲಾಸಿನ ತಾಯಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಈ ಮನೆಯಿಂದ ಇದ್ದದ್ದು ಅವನ ನಂಬರು. ಶಾಲೆ ಅವನ ಕೆಲಸದ ದಾರಿಯಲ್ಲೇ ಇತ್ತು, ಬಿಡುವುದು ಕರೆತರುವುದು ಅವನದೇ. ಕರೆಗಳು ಅವನಿಗೇ ಬರುತ್ತಿದ್ದವು. ಮುಂದಿನ ವರ್ಷ ಎಂಟೋ ಒಂಬತ್ತೋ ಬಂದವು. ಎಲ್ಲಕ್ಕೂ ವಿನಯವಾಗಿ ಉತ್ತರ ಬರೆದ. ಊರಲ್ಲಿರುವುದಿಲ್ಲ. ಜ್ವರ. ನೆಂಟರು ಬರುತ್ತಾರೆ. ಮನೆಯಲ್ಲಿ ಪೂಜೆ. ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಪಾರ್ಟಿ ಇದ್ದ ಶನಿವಾರಗಳಂದು ಮಗಳನ್ನು ಕಡಲ ತೀರಕ್ಕೆ ಕರೆದೊಯ್ದು ಐಸ್‌ಕ್ರೀಮ್ ಕೊಡಿಸುತ್ತಿದ್ದ, ಕಾರ್ಲಿಂಗ್‌ಫರ್ಡ್ ಬೆಟ್ಟದ ಬುಡದಲ್ಲಿ ನಡೆಸುತ್ತಿದ್ದ. ಅವಳಿಗೆ ಒಂದೂ ಕಡಿಮೆಯಾಗಬಾರದು ಎನ್ನುವಂತೆ.

ಕರೆಗಳು ಒಂದೊಂದಾಗಿ ನಿಂತವು. ಎರಡು ಮೂರು ಸಲ ಇಲ್ಲ ಅನ್ನಿಸಿಕೊಂಡವರು ಮತ್ತೆ ಕೇಳುವುದಿಲ್ಲವಲ್ಲ. ಕೋವಿಡ್ ವರ್ಷದಲ್ಲಿ ಯಾರ ಮನೆಯಲ್ಲೂ ಪಾರ್ಟಿ ಇರಲಿಲ್ಲ. ಆಗ ಅವನಿಗೆ ನೆಪ ಹುಡುಕುವ ಕಷ್ಟವೂ ತಪ್ಪಿತು. ಆಮೇಲೆ ಉಳಿದದ್ದು ಗ್ರಾನ್ಯಾಳ ಮನೆಯ ಕರೆ ಒಂದೇ. ಅದು ಮಾತ್ರ ಮೇ ತಿಂಗಳು ಬಂತೆಂದರೆ ಬರುತ್ತಿತ್ತು.

ಸೋಮವಾರ ಕ್ಲಾಸಿನಲ್ಲಿ ಮಕ್ಕಳು ಪಾರ್ಟಿಯ ಮಾತಾಡುತ್ತವೆ. ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳು ಅಪ್ಪನನ್ನು ಒಮ್ಮೆ ಕೇಳಿದಳಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಡನ್‌ಡಾಕ್ ಇಂಗ್ಲಿಷಿನಲ್ಲಿ. ಅವಳ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಅಪ್ಪಾ, ನನ್ನನ್ನ ಯಾಕೆ ಯಾರೂ ಕರೆಯಲ್ಲ?"

"ದೊಡ್ಡವರಾಗ್ತಾ ಆಗ್ತಾ ಪಾರ್ಟಿಗಳೆಲ್ಲಾ ಕಮ್ಮಿ ಆಗತ್ತೆ ಪುಟ್ಟಿ."

ಅವಳು ಇನ್ನೊಂದು ಸಲ ಕೇಳಲಿಲ್ಲ. ತನ್ನ ಹುಟ್ಟುಹಬ್ಬಕ್ಕೆ ಯಾರನ್ನು ಕರೆಯೋಣ ಎಂದು ಚಿತ್ರಾ ಕೇಳಿದರೆ, "ಬೇಡಮ್ಮ, ಯಾರು ಬರ್ತಾರೆ?" ಎನ್ನುತ್ತಿದ್ದಳು. ಮೂರೇ ಜನ ಕೂತು ಕೇಕ್ ಕತ್ತರಿಸುತ್ತಿದ್ದರು.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಡನ್‌ಡಾಕ್ ಸುತ್ತ ನಾವು ಹನ್ನೊಂದು ಕನ್ನಡ ಮನೆಗಳವರಿದ್ದೇವೆ. ದೀಪಾವಳಿಗೆ ಒಂದು ಕ್ಲಬ್ಬಿನ ಹಾಲ್ ಹಿಡಿದು ಸೇರುತ್ತೇವೆ. ಮಕ್ಕಳು ಹಾಲ್ ತುಂಬ ಓಡಾಡುವಾಗ ನಾವು ಕಾತ್ಯಾಯಿನಿಯನ್ನು ಹೆಂಗಸರ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದೆವು. ಕೈಗೆ ತಟ್ಟೆ ಕೊಟ್ಟು, "ಜಾಣೆ" ಎಂದು ತಲೆ ಸವರುತ್ತಿದ್ದೆವು. ನನ್ನ ಮಗನ ಎಂಟನೇ ಹುಟ್ಟುಹಬ್ಬದ ಪಟ್ಟಿ ಬರೆಯುವಾಗ ನನ್ನ ಹೆಂಡತಿ ಜಯಶೀಲಾ, "ಕಾತ್ಯಾಯಿನಿ?" ಎಂದು ಪೆನ್ನು ಹಿಡಿದು ನಿಂತಳು. "ಆಟ ಎಲ್ಲಾ ಓಡೋದೇ ಅಲ್ವಾ, ಆ ಮಗೂಗೆ ಬೇಜಾರಾಗತ್ತೆ. ಕರೆದ್ರೂ ಶ್ರೀಕಂಠ ಕಳಿಸ್ತಾನೋ ಇಲ್ವೋ," ಎಂದೆ. ಜಯಶೀಲಾ ಮುಂದಿನ ಹೆಸರು ಬರೆದಳು. ಓಡದೆ ಆಡುವ ಒಂದಾದರೂ ಆಟ ಇಡಬಹುದಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ಚೌಕಾಬಾರದಲ್ಲಿ ಅವಳ ಕೈಯಲ್ಲಿ ಸೋತವನು ನಾನು.

ಆರನೇ ಕ್ಲಾಸು ಇಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷ. 2024ರ ಜೂನ್ ಮೊದಲ ವಾರ ಕ್ಲಾಸಿನವರನ್ನೆಲ್ಲ ಕಾರ್ಲಿಂಗ್‌ಫರ್ಡ್‌ಗೆ ಒಂದು ದಿನದ ಪ್ರವಾಸ ಕರೆದೊಯ್ದರು. ಅಲ್ಲಿನ ಕೊಲ್ಲಿಯ ನೀರಿಗಿಳಿಯಲು ಸರದಿ ಕಾಯುತ್ತ ಗ್ರಾನ್ಯಾ ಮತ್ತು ಕೇಟಿ ಒಂದು ಬೆಂಚಿನ ಮೇಲೆ ಕೂತಿದ್ದರು. ಬೇಸಿಗೆಯ ನಂತರ ಇಬ್ಬರೂ ಬೇರೆ ಬೇರೆ ಶಾಲೆಗೆ ಹೋಗುವವರು. ಅದಕ್ಕೇ ಇರಬೇಕು, ಗ್ರಾನ್ಯಾ ಕೇಳಿಯೇಬಿಟ್ಟಳು.

"ನಾನು ನಿನಗೆ ಏನು ಮಾಡಿದೆ? ಆ ಮೊದಲನೇ ಸಲ ಬಿಟ್ಟರೆ ನನ್ನ ಬರ್ತ್‌ಡೇಗೆ ನೀನು ಯಾಕೆ ಮತ್ತೆ ಒಂದ್ಸಲಾನೂ ಬರಲಿಲ್ಲ?"

"ನೀನು ಮತ್ತೆ ಕರೆದಿದ್ದರೆ ತಾನೆ?"

"ಪ್ರತಿ ವರ್ಷ ಕರೆದಿದೀವಿ. ಅಮ್ಮ ಒಂದು ವರ್ಷ ಗಂಟೆ ಕಟ್ಟಿದ ಚೆಂಡೂ ತರಿಸಿದ್ದಳು. ಪೆಟ್ಟಿಗೆ ಬಿಚ್ಚಲೇ ಇಲ್ಲ. ಆಮೇಲೆ ನಾಯಿ ಕಚ್ಚಿ ಹಾಕ್ತು."

ಸಂಜೆ ಅವಳು ಮನೆಗೆ ಬಂದಾಗ ಶ್ರೀಕಂಠ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದ. ಚಿತ್ರಾ ಆಗಷ್ಟೇ ಅಂಗಡಿಯಿಂದ ಬಂದು ಕೂತಿದ್ದಳು. ಕಾತ್ಯಾಯಿನಿ ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅಪ್ಪಾ, ಗ್ರಾನ್ಯಾ ನನ್ನನ್ನ ಬರ್ತ್‌ಡೇಗೆ ಮತ್ತೆ ಕರೆದಿದ್ದಳಾ?"

"ಯಾವಾಗ?"

"ಯಾವಾಗಾದ್ರೂ."

ಅವನು ಸುಳ್ಳು ಹೇಳಬಹುದಿತ್ತು. ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ ಎಂದ. ಕೈ ಒರೆಸಿಕೊಂಡು, ಫೋನ್ ತೆಗೆದು, ಓರ್ಲಾಳ ಸಂದೇಶಗಳಿದ್ದ ಜಾಗ ಹುಡುಕಿ, ಅಕ್ಷರಗಳನ್ನು ಓದಿ ಹೇಳುವ ಧ್ವನಿಯನ್ನು ಚಾಲೂ ಮಾಡಿ ಮಗಳ ಕೈಗೆ ಕೊಟ್ಟ. ಅವಳು ಬೆರಳು ಸರಿಸುತ್ತ ಹೋದಳು. ಫೋನಿನ ಆ ಏರಿಳಿತವಿಲ್ಲದ ಧ್ವನಿ ಅಡುಗೆಮನೆಯಲ್ಲಿ ಒಂದೊಂದನ್ನೇ ಓದಿತು.

ಶನಿವಾರ ಗ್ರಾನ್ಯಾಗೆ ಏಳು ತುಂಬುತ್ತದೆ, ಕೇಟಿ ಬಂದರೆ ಅವಳಿಗೆ ತುಂಬ ಖುಷಿ. ಧನ್ಯವಾದ, ಆ ವಾರಾಂತ್ಯ ನಾವು ಊರಲ್ಲಿರುವುದಿಲ್ಲ. ಈ ಸಲ ಗಂಟೆಯ ಚೆಂಡು ತರಿಸಿದ್ದೇವೆ, ಕೇಟಿಗೆ ಇನ್ನೇನಾದರೂ ಬೇಕಿದ್ದರೆ ಹೇಳಿ, ಏನೂ ತೊಂದರೆಯಿಲ್ಲ. ಧನ್ಯವಾದ, ಅವಳಿಗೆ ಜ್ವರ. ಈಜುಕೊಳದಲ್ಲಿ ಪಾರ್ಟಿ, ನಾನೇ ಅವಳ ಜೊತೆ ನೀರಿಗಿಳಿಯುತ್ತೇನೆ. ಧನ್ಯವಾದ, ಬೆಂಗಳೂರಿನಿಂದ ನೆಂಟರು ಬರುತ್ತಿದ್ದಾರೆ. ಬರೀ ಪಿಜ್ಜಾ, ಆಟ ಏನೂ ಇಲ್ಲ. ಧನ್ಯವಾದ, ಮನೆಯಲ್ಲಿ ಪೂಜೆಯಿದೆ. ಕೊನೆಯದು ಮೂರು ವಾರದ ಹಿಂದಿನದು. ಎಲ್ಲರೂ ಒಟ್ಟಿಗಿರುವ ಕೊನೆಯ ವರ್ಷ, ಈ ಸಲವಾದರೂ ಕಳಿಸಿ. ಧನ್ಯವಾದ, ನಾವು ಊರಲ್ಲಿರುವುದಿಲ್ಲ.

"ನಾವು ಊರಲ್ಲಿರಲಿಲ್ವಾ?" ಕೇಳಿದಳು ಕಾತ್ಯಾಯಿನಿ.

"ಇದ್ವಿ."

"ಏನ್ ಮಾಡ್ತಿದ್ವಿ?"

"ಬೀಚಿಗೆ ಹೋಗಿದ್ವಿ."

"ಎಲ್ಲಾ ಸಲಾನೂ?"

ಅವನು ಹೂಂ ಅಂದ. ಆಮೇಲೆ, ತಾನು ಯಾಕೆ ಹೀಗೆ ಮಾಡಿದೆ ಎಂದು ಹೇಳಲು ಹೊರಟ. ಅವತ್ತು ಹಿತ್ತಲಿನಲ್ಲಿ ನೀನು ಒಬ್ಬಳೇ ನಿಂತಿದ್ದೆ, ಬಂದವರೆಲ್ಲ ನಿನ್ನನ್ನು ಹೊಡೆದು ಹೋಗುತ್ತಿದ್ದರು, ನನ್ನ ಕೈಲಿ ನೋಡೋಕಾಗಲಿಲ್ಲ ಎಂದ.

"ಅಪ್ಪಾ, ನಾನು ಡೆನ್ ಆಗಿದ್ದೆ!" ಎಂದು ಅವಳು ಕೂಗಿದಳು. ಆರು ವರ್ಷದ ಹಿಂದೆ ಕಾರಿನಲ್ಲಿ ಅತ್ತು ಹೇಳಿದ್ದನ್ನೇ ಈಗ ಬಿಡಿಸಿ ಹೇಳಿದಳು. ಅವರು ಆಡುತ್ತಿದ್ದದ್ದು ಮುಟ್ಟಾಟ. ಅಟ್ಟಿಸಿಕೊಂಡು ಬಂದವನ ಕೈಗೆ ಸಿಗದೆ ಡೆನ್ನನ್ನು ಮುಟ್ಟಿಬಿಟ್ಟರೆ ಬಚಾವು. ಸಾಮಾನ್ಯವಾಗಿ ಗೋಡೆಯೋ ಮರವೋ ಡೆನ್ ಆಗಿರುತ್ತದೆ. ಅವತ್ತು ಗ್ರಾನ್ಯಾ, ಕೇಟಿಯೇ ಡೆನ್ ಆಗಲಿ ಅಂದಿದ್ದಳು. ಡೆನ್ ಎಲ್ಲಿದೆ ಎಂದು ಗೊತ್ತಾಗುವಂತೆ ಅವಳು ಕೂಗುತ್ತಿರಬೇಕು. ಮುಟ್ಟಿದ ಕೈ ಯಾರದೆಂದು ಹೆಸರು ಹೇಳಬೇಕು. ಹೇಳಿದರೆ ಅವರು ಉಳಿದರು.

"ಹತ್ತು ಜನರ ಕೈ ನನಗೆ ಗೊತ್ತಾಗಿತ್ತು. ಎಲ್ಲರೂ ನನ್ನ ಹತ್ತಿರಾನೇ ಓಡಿ ಬರ್ತಿದ್ರು. ಅಷ್ಟು ಖುಷಿ ನನಗೆ ಶಾಲೇಲಿ ಯಾವತ್ತೂ ಆಗಿಲ್ಲ. ನೀನು ಬಂದು ಎತ್ಕೊಂಡು ಹೋದೆ. ಅದಕ್ಕೇ ಯಾರೂ ಮತ್ತೆ ಕರೀಲಿಲ್ಲ ಅಂದ್ಕೊಂಡೆ. ನಾನು ಅತ್ತು ಆಟ ಕೆಡಿಸಿದೆ, ಅದಕ್ಕೇ ಅಂದ್ಕೊಂಡೆ."

ಚೀಲ ಎಳೆದುಕೊಂಡು ತನ್ನ ಕೋಣೆಗೆ ಹೋದಳು. ಚಿತ್ರಾ ಕುರ್ಚಿಯಿಂದ ಎದ್ದಳು.

"ಶನಿವಾರ ಶನಿವಾರ ಕೌಂಟರ್ ಹಿಂದೆ ನಿಂತ್ಕೊಂಡು ಈ ಊರಿನವರನ್ನೆಲ್ಲಾ ಮನಸ್ಸಲ್ಲೇ ಬೈಕೊಂಡಿದೀನಿ ನಾನು," ಎಂದಳು. "ನನ್ನ ಮಗಳನ್ನ ಒಬ್ಬರೂ ಕರೆಯಲ್ವಲ್ಲಾ ಅಂತ. ಓರ್ಲಾ ಮಾತ್ರೆಗೆ ಬಂದ್ರೆ ಮುಖ ಕೊಟ್ಟು ಮಾತಾಡ್ತಿರಲಿಲ್ಲ. ಮಾತ್ರೆ ಪೊಟ್ಟಣ ದೂಡ್ತಿದ್ದೆ. ಅವಳು ನನಗೆ ಹೇಗೆ ಮುಖ ತೋರಿಸ್ತಿದ್ದಳೋ, ಪಾಪ. ಒಂದು ಮಾತು ನನಗೆ ಹೇಳಿದ್ರೆ ನಾನು ರಜಾ ಹಾಕಿ ಕರ್ಕೊಂಡು ಹೋಗ್ತಿದ್ನಲ್ರೀ."

ಅವತ್ತಿನ ಉಪ್ಪಿಟ್ಟು ಯಾರೂ ತಿನ್ನಲಿಲ್ಲ.

ಆ ಭಾನುವಾರ ಶ್ರೀಕಂಠ ಬ್ಲ್ಯಾಕ್‌ರಾಕ್‌ಗೆ ಹೋಗಿ ಓರ್ಲಾಳ ಮನೆಯ ಬಾಗಿಲು ತಟ್ಟಿದ. ಬರೆದದ್ದೆಲ್ಲ ಸುಳ್ಳು, ಕ್ಷಮಿಸಬೇಕು ಎಂದ. ಅವಳು ಒಳಗೆ ಕರೆದು ಅದೇ ಅಡುಗೆಮನೆಯಲ್ಲಿ ಕೂರಿಸಿದಳು. ಎದುರಿಗೆ ಕೂತು ಹೇಳಿದಳಂತೆ: ಸುಳ್ಳು ಅಂತ ನನಗೆ ಎರಡನೇ ವರ್ಷವೇ ಅನ್ನಿಸಿತ್ತು. ನಿಮ್ಮ ಧರ್ಮದ್ದೇನೋ ಇರಬೇಕು, ಅಥವಾ ನಮ್ಮ ಮನೆ ನಿಮಗೆ ಸರಿ ಕಾಣುತ್ತಿಲ್ಲವೇನೋ ಅಂದುಕೊಂಡೆ. ಮನೆಗೇ ಬಂದು ಕೇಳಬಹುದಿತ್ತು. ಸಂದೇಶ ಕಳಿಸಿ ಸುಮ್ಮನಾಗುವುದು ನನಗೂ ಸುಲಭವಾಗಿತ್ತು. ಗ್ರಾನ್ಯಾ ಮೇಲಿನ ಕೋಣೆಯಲ್ಲಿದ್ದಳು. ಕೆಳಗಿಳಿದು ಬರಲಿಲ್ಲ. ಇವನೂ ಕರೆಯಿರಿ ಎನ್ನಲಿಲ್ಲ.

ಆ ಬೇಸಿಗೆಯಲ್ಲಿ ಹುಡುಗಿಯರಿಬ್ಬರೂ ಎರಡು ಮೂರು ಸಲ ಸೇರಿದರು. ಧ್ವನಿ ಸಂದೇಶ ಕಳಿಸಿಕೊಂಡರು. ಆದರೆ ಹನ್ನೆರಡು ವರ್ಷಕ್ಕೆ ಮುಟ್ಟಾಟ ಯಾರೂ ಆಡುವುದಿಲ್ಲ. ಗ್ರಾನ್ಯಾಳ ಗೆಳತಿಯರ ಗುಂಪು ಗಟ್ಟಿಯಾಗಿಬಿಟ್ಟಿತ್ತು, ಅದರ ನಗು, ಅದರ ಗುಟ್ಟುಗಳೆಲ್ಲ ಆರು ವರ್ಷದ ಪಾರ್ಟಿಗಳಲ್ಲಿ ಬೆಳೆದವು. ಸೆಪ್ಟೆಂಬರಿನಲ್ಲಿ ಶಾಲೆಗಳು ಬೇರೆಯಾದ ಮೇಲೆ ಸಂದೇಶಗಳೂ ತೆಳುವಾದವು. ಜಗಳವೇನೂ ಆಗಲಿಲ್ಲ.

ಮಗಳಿಗೆ ಅವಳದೇ ಫೋನ್ ಬಂತು. ಯಾರು ಕರೆಯುತ್ತಾರೆ, ಎಲ್ಲಿಗೆ ಹೋಗುತ್ತಾಳೆ ಎನ್ನುವುದು ಈಗ ಅವಳ ಲೆಕ್ಕ. ಎಷ್ಟು ಗಂಟೆಗೆ ಕಾರು ತರಬೇಕು ಎನ್ನುವುದನ್ನು ಮಾತ್ರ ಅಪ್ಪನಿಗೆ ಹೇಳುತ್ತಾಳೆ. ಹೊಸ ಶಾಲೆಯ ಹುಡುಗಿಯೊಬ್ಬಳು ಆ ಚಳಿಗಾಲದಲ್ಲಿ ಮನೆಗೆ ಕರೆದಿದ್ದಳು. ಒಂದೇ ಗಂಟೆಯಲ್ಲಿ ಕಾತ್ಯಾಯಿನಿಯ ಫೋನ್ ಬಂತು, ಬಾ ಅಂತ. ಯಾರೂ ಏನೂ ಅನ್ನಲಿಲ್ಲವಂತೆ. ಕಾರಿನಲ್ಲಿ ಬಹಳ ದೂರ ಬಂದ ಮೇಲೆ ಹೇಳಿದಳು.

"ಎಂಟು ಜನ ಒಟ್ಟಿಗೆ ಮಾತಾಡ್ತಿದ್ರೆ ಮಧ್ಯ ಯಾವಾಗ ಬಾಯಿ ಹಾಕಬೇಕು ಅಂತ ನಂಗೆ ಗೊತ್ತಾಗಲ್ಲ. ನಾನು ಶುರು ಮಾಡೋಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರ್ತಾರೆ. ಬೇರೆಯವರೆಲ್ಲಾ ಇದನ್ನ ಯಾವಾಗ ಕಲಿತ್ರು?"

ಇದನ್ನು ನನಗೆ ಹೇಳುವಾಗ ಶ್ರೀಕಂಠ ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದ. ಅವತ್ತು ಅವನು ಊಟ ಮಾಡಲಿಲ್ಲ.

ಈ ವರ್ಷದ ಮಾರ್ಚಿನಲ್ಲಿ ಡಬ್ಲಿನ್ನಿನ ಹತ್ತಿರದ ಆಡಮ್ಸ್‌ಟೌನ್‌ನಿಂದ ದಿಲೀಪ್ ಎಂಬುವರು ನನಗೆ ಫೋನ್ ಮಾಡಿದರು. ಬೆಂಗಳೂರಿನಿಂದ ಬಂದು ಎರಡು ವರ್ಷವಾಗಿತ್ತು. ಅವರ ನಾಲ್ಕು ವರ್ಷದ ಮಗನಿಗೆ ದೃಷ್ಟಿ ತುಂಬ ಕಡಿಮೆ. ನಿಮ್ಮ ಸ್ನೇಹಿತರಿಗೆ ಅನುಭವ ಇದೆಯಂತೆ, ಒಮ್ಮೆ ಮಾತಾಡಿಸುತ್ತೀರಾ ಎಂದು ಕೇಳಿದರು. ಶ್ರೀಕಂಠ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಫೋನ್ ಬೇಡ, ಹೋಗಿಯೇ ಬರೋಣ ಅಂದ. ಒಂದು ಗಂಟೆಯ ದಾರಿ. ಮೇಲೆ ಬರೆದದ್ದರಲ್ಲಿ ಹೆಚ್ಚಿನದನ್ನು ನಾನು ಕೇಳಿದ್ದು ಅವತ್ತು ಕಾರಿನಲ್ಲಿ.

ದಿಲೀಪ್ ಮತ್ತು ಅವರ ಹೆಂಡತಿ ವಂದನಾ, ಪಾಪ, ಕಣ್ಣಿನ ಆಸ್ಪತ್ರೆ, ಶಾಲೆ, ಅರ್ಜಿ ಇವುಗಳ ಬಗ್ಗೆ ಕೇಳಲು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದರು. ಶ್ರೀಕಂಠ ಅದಕ್ಕೆಲ್ಲ ಉತ್ತರ ಕೊಟ್ಟ. ಆಮೇಲೆ, ಅವರು ಕೇಳದಿದ್ದರೂ, ಪಾರ್ಟಿಯ ಕಥೆ ಹೇಳಿದ. ಏನೂ ಮುಚ್ಚಿಡಲಿಲ್ಲ. ಕಂಬ, ಬೆರಳು ಬಿಡಿಸಿದ್ದು, ಉತ್ತರಗಳು, ಫೋನ್ ಓದಿ ಹೇಳಿದ್ದು, ಎಲ್ಲವನ್ನೂ. ವಂದನಾ ಮಡಿಲಲ್ಲಿದ್ದ ಮಗನ ತಲೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು.

"ನಮಗೂ ಶನಿವಾರ ಒಂದು ಕಡೆ ಕರೆದಿದಾರೆ ಸರ್," ಎಂದರು ಮೆಲ್ಲಗೆ. "ಬೇಡ ಅಂತ ಮೆಸೇಜ್ ಟೈಪ್ ಮಾಡಿ ಇಟ್ಟಿದೀನಿ. ಕಳಿಸಿಲ್ಲ."

"ಕಳಿಸ್ಬೇಡಿ ಅಮ್ಮ. ಅವರಿಗೆ ಫೋನ್ ಮಾಡಿ. ಅರ್ಧ ಗಂಟೆ ಮುಂಚೆ ಬರ್ತೀವಿ ಅನ್ನಿ. ಅದು ತೊಂದ್ರೆ ಕೊಟ್ಟ ಹಾಗಲ್ಲ." ಮತ್ತೆ ಹೇಳಿದ. "ಅಲ್ಲಿ ಅವನು ಅತ್ರೂ ಅಳಲಿ. ಯಾಕೆ ಅಂತ ಕೇಳಿ. ಮೊದಲು ಕೇಳಿ, ಆಮೇಲೆ ಎತ್ಕೊಳ್ಳಿ."

ವಾಪಸು ಬರುವಾಗ ಅವನು ಸ್ವಲ್ಪ ಹಗುರಾದವನಂತೆ ಕಂಡ. ಅವನನ್ನು ಬಿಡಲು ಹೋದವನು ನಾನೂ ಒಳಗೆ ಕಾಲಿಟ್ಟೆ. ಕಾತ್ಯಾಯಿನಿ ಮುಂದಿನ ಕೋಣೆಯಲ್ಲಿ ಕೂತಿದ್ದಳು. ಹದಿಮೂರು ವರ್ಷ, ಅಪ್ಪನಷ್ಟೇ ಎತ್ತರ. ಎಲ್ಲಿಗೆ ಹೋಗಿದ್ದಿರಿ ಎಂದಳು. ಶ್ರೀಕಂಠ ಹೇಳಿದ.

"ನನ್ನ ವಿಷಯ ಹೇಳಿದ್ಯಾ?"

"ಹೂಂ ಪುಟ್ಟಿ. ಎಲ್ಲಾ ಹೇಳಿದೆ. ಅವರಿಗೆ ಉಪಯೋಗ ಆಗ್ಲಿ ಅಂತ."

"ಡೆನ್ ವಿಷಯಾನೂ?"

"ಅದನ್ನೂ."

"ಹೋಗೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು ಅಪ್ಪಾ," ಎಂದಳು. ಕೋಪದ ಧ್ವನಿಯಲ್ಲ. ಎದ್ದು, ಗೋಡೆಗೆ ಕೈ ತಾಗಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಶ್ರೀಕಂಠ ಕೋಟು ಬಿಚ್ಚದೆ ಅಲ್ಲೇ ನಿಂತಿದ್ದ. ಚಿತ್ರಾ ನನಗೆ ಕಾಫಿ ತಂದುಕೊಟ್ಟಳು.

ಹತ್ತು ದಿನಗಳ ನಂತರ ಕಾತ್ಯಾಯಿನಿ ನನ್ನಿಂದ ವಂದನಾರ ನಂಬರು ಇಸಿದುಕೊಂಡಳು. ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿದಳಂತೆ. ಆ ಶನಿವಾರ ಮಗು ಪಾರ್ಟಿಗೆ ಹೋಯಿತೋ ಇಲ್ಲವೋ, ಹೋಗಿದ್ದರೆ ಏನಾಯಿತು ಎನ್ನುವುದೆಲ್ಲ ಈಗ ಅವಳಿಗೆ ಗೊತ್ತಿರಬೇಕು. ಶ್ರೀಕಂಠ ಕೆಳಗೆ ಅಡುಗೆಮನೆಯಲ್ಲೇ ಇದ್ದ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.